ಅಫೀಮು ಬಿಡಿಸಿದ ಕೊಟ್ಟಿಗೆ

ನಿಜಾಮರ ಆಳ್ವಿಕೆಯ ಕೊನೆಗಾಲ. ನಾರಾಯಣಖೇಡದ ದವಾಖಾನೆಗೆ ಬಾಲಮಣಿ ನರ್ಸಾಗಿ ಬಂದು ಒಂದು ಮಳೆಗಾಲವೂ ಕಳೆದಿರಲಿಲ್ಲ. ನ್ಯಾಲ್ಕಲ್ ಕಡೆಯ ಕೂಲಿಯವರ ಮಗಳು. ಹೈದರಾಬಾದಿನಲ್ಲಿ ಕೆಲಸ ಕಲಿತಿದ್ದಳು. ಜೊತೆಗಿದ್ದ ತಾಯಿ ಎಲ್ಲಮ್ಮ ಮಗಳ ಬಿಳಿ ಸೀರೆಯನ್ನು ತಾನೇ ಒಗೆದು, ಬೀದಿಗೆ ಕಾಣುವ ಹಾಗೆ ಒಣಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಲಚ್ಚಮ್ಮ ಎಂಬ ಕೂಲಿ ಹೆಂಗಸು ಗಂಡುಕೂಸನ್ನು ಎದೆಗವಚಿಕೊಂಡು ಹೊಲದಿಂದ ಓಡಿಬಂದಳು.

"ಎಷ್ಟ್ ಎಬ್ಬಿಸಿದ್ರೂ ಏಳವಲ್ದು ಯವ್ವಾ!"

ಬಾಲಮಣಿ ಕೂಸಿನ ರೆಪ್ಪೆ ಎತ್ತಿ ನೋಡಿದಳು. ಕಣ್ಣಿನ ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ತುಟಿ ನೀಲಿಗಟ್ಟಿತ್ತು. ಒಂದು ಉಸಿರು ಹೋದರೆ ಇನ್ನೊಂದಕ್ಕಾಗಿ ಕಾಯಬೇಕಾಗಿತ್ತು.

"ಅಫೀಮು ಕೊಟ್ಟೀಯೇನು?"

"ಮಲಗ್ಲಿ ಅಂತ ದಿನಾ ಕೊಡಾದೇ ಅದರೀ. ಇವತ್ತ ಹೊಸಾದು ತಂದಿದ್ದೆ. ಹೆಚ್ಚಿಗಿ ಹಾಕಿಲ್ರೀ, ಅಷ್ಟೇ ಹಾಕೀನಿ."

ಅಳತೆ ಅಷ್ಟೇ ಇದ್ದರೂ ಹೊಸ ಅಫೀಮು ಬಲವಾಗಿತ್ತು. ಡಾಕ್ಟರ್ ಸಾಹೇಬರು ಒಳಗಿನಿಂದ ಬಂದು ಕೂಸಿನ ಎದೆ ಪರೀಕ್ಷಿಸಿ, ಉಸಿರನ್ನು ಎಚ್ಚರಿಸುವ ಇಂಜೆಕ್ಷನ್ ಸಿದ್ಧ ಮಾಡತೊಡಗಿದರು. ಅಷ್ಟರಲ್ಲಿ ಉಸಿರು ನಿಂತೇಹೋಯಿತು. ಅಫೀಮು ನೋವನ್ನಷ್ಟೇ ಮರೆಸುವುದಿಲ್ಲ, ಉಸಿರಾಡುವುದನ್ನೂ ಮಿದುಳಿಗೆ ಮರೆಸುತ್ತದೆ ಎಂದು ಬಾಲಮಣಿ ಪಾಠದಲ್ಲಿ ಓದಿದ್ದಳು. ಈಗ ಅದು ಅಂಗೈಯಲ್ಲೇ ತಣ್ಣಗೆ ಮಲಗಿತ್ತು. ಕೂಸಿನ ಬಾಯಿ ಮೂಗನ್ನು ತನ್ನ ಬಾಯಿಂದ ಮುಚ್ಚಿ, ಮೆಲ್ಲಗೆ ಊದಿದಳು. ಪುಟ್ಟ ಎದೆ ಏರಿತು, ಇಳಿಯಿತು. ಮತ್ತೆ ಊದಿದಳು. ಸಾಹೇಬರು ಸೂಜಿ ಚುಚ್ಚಿದರು. ಅವಳು ನಿಲ್ಲಿಸಲಿಲ್ಲ. ಬೆವರು ಕಣ್ಣಿಗಿಳಿಯಿತು, ಸೊಂಟ ಹಿಡಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ಕೂಸು ತಾನಾಗಿ ಉಸಿರೆಳೆದು ಮುಖ ಕಿವಿಚಿತು. ಸಾಹೇಬರು "ಶಾಬಾಸ್ ಬೇಟಿ" ಎಂದರು. ಅಫೀಮಿನ ಮಂಪರು ಮತ್ತೆ ಮರಳಬಹುದೆಂದು ಬಾಲಮಣಿ ಕೂಸಿನ ಪಕ್ಕದಿಂದ ಏಳಲಿಲ್ಲ.

ಮರುದಿನ ಲಚ್ಚಮ್ಮನಿಗೆ ಬುದ್ಧಿ ಹೇಳಿದಳು: "ಇನ್ನ ಅಫೀಮು ಮುಟ್ಟಬ್ಯಾಡ."

"ಮುಟ್ಟಂಗಿಲ್ರೀ. ಆದ್ರ ನಾ ಕಳಿ ತಗ್ಯಾಕ ಹೋದ್ರ ಕೂಸಿನ ಯಾರು ನೋಡ್ತಾರ? ನೀವೇ ಹೇಳ್ರಿ."

ಸಂಜೆ ಬಾಲಮಣಿ ತಾಯಿಯನ್ನು ಕರೆದುಕೊಂಡು, ಲಚ್ಚಮ್ಮ ದುಡಿಯುವ ಹೊಲದ ಒಡೆಯ ಶಿವಶಂಕರಪ್ಪನವರ ಮನೆಗೆ ಹೋದಳು. ಅಂಗಳದಲ್ಲಿ ನಿಂತೇ ಕೇಳಿದಳು: "ಅಪ್ಪಾರೇ, ಹೊಲದಾಗ ನಿಮ್ಮ ಹಳೇ ಕೊಟಗಿ ಖಾಲಿ ಅದ. ಕೂಸುಗಳಿಗಿ ಕೊಡ್ರಿ."

"ಕೊಟಗಿ ಕೊಟ್ರ ಆತೇನು? ನೋಡಾಕ ಯಾರಿದ್ದಾರ?"

ಬಾಲಮಣಿ ಬಾಯಿ ತೆರೆಯುವ ಮೊದಲೇ ಎಲ್ಲಮ್ಮ ಸೆರಗು ಬಿಗಿದು ಮುಂದೆ ಬಂದಳು. "ನಾ ಇದ್ದೀನಲ್ರೀ. ದಿಗಿಲು ಬ್ಯಾಡ."

ಶಿವಶಂಕರಪ್ಪ ಮೀಸೆ ನೀವಿಕೊಂಡರು. ಕೂಸಿನ ಚಿಂತೆಯಿಲ್ಲದ ಕೈ ಚುರುಕಾಗಿ ಓಡುತ್ತದೆಂದು ಅವರಿಗೂ ಹೊಳೆದಿರಬೇಕು. "ಸಾರಿಸಿಕೋರಿ ಹಂಗಾರ" ಎಂದರು.

ಕೊಟ್ಟಿಗೆಯಲ್ಲಿ ಸೀರೆಯ ಜೋಳಿಗೆಗಳು ತೂಗತೊಡಗಿದವು. ತಾಯಂದಿರು ಕಳೆ ತೆಗೆಯುವ ಸಾಲು ಮುಗಿಸಿ ಬಂದು ಹಾಲೂಡಿಸಿ ಹೋಗುತ್ತಿದ್ದರು. ಅಫೀಮಿನ ಅಭ್ಯಾಸವಾಗಿದ್ದ ಕೂಸುಗಳು ಮೊದಮೊದಲು ನಿದ್ದೆಗೆಟ್ಟು ಚಡಪಡಿಸಿದವು. ಬಾಲಮಣಿ ಬಂದು ಒಂದೊಂದನ್ನೂ ಪರೀಕ್ಷಿಸಿ, ತೀರ ಸೊರಗಿದವನ್ನು ಸಾಹೇಬರಿಗೆ ತೋರಿಸಿದಳು. ಕಟಾವಿನ ಹೊತ್ತಿಗೆ ಎಲ್ಲವೂ ಕೆನ್ನೆ ತುಂಬಿಕೊಂಡು ಹರಿದಾಡುತ್ತಿದ್ದವು.

ಸುದ್ದಿ ರಾಯಿಕೋಡಿಗೂ ಹೋಯಿತು. ಅಲ್ಲಿಯ ಹೆಂಗಸರು ತಮಗೂ ಹೀಗೊಂದು ಕೊಟ್ಟಿಗೆ ಮಾಡಿಕೊಡಿ ಎಂದು ಬಂಡಿ ಕಳಿಸಿದರು. ಎಲ್ಲಮ್ಮ ಹೊಸ ಕುಪ್ಪಸ ತೊಟ್ಟು, ಬಂಡಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

"ಎಲ್ಲಿಗಿ ಹೊಂಟೀ ಎಲ್ಲಮ್ಮಾ?" ದಾರಿಯಲ್ಲಿ ಯಾರೋ ಕೇಳಿದರು.

"ದವಾಖಾನಿ ಕೆಲಸಕ್ಕ!" ಎಂದಳು, ಇಡೀ ಓಣಿಗೆ ಕೇಳುವ ಹಾಗೆ.