ಸೈದಾನಬಿಯ ಇದ್ದಿಲು

ಭಂಕೂರಿನ ವಿಜ್ಞಾನ ಚರಿತ್ರೆಯಲ್ಲಿ ಆ ಸೋಮವಾರವನ್ನು ಮರೆಯುವಂತಿಲ್ಲ: ಅಂದು ಡಾಲ್ಡಾ ಡಬ್ಬಿ ಖಾಲಿಯಾಯಿತು.

ಡಬ್ಬಿಯಲ್ಲಿದ್ದದ್ದು ಊರಿನಲ್ಲಿ ಇದ್ದಿಲು ಸುಟ್ಟು ಬದುಕುತ್ತಿದ್ದ ಸೈದಾನಬಿ ಸುಟ್ಟುಕೊಟ್ಟ ತೊಗರಿಕಟ್ಟಿಗೆಯ ಇದ್ದಿಲು. ಊರ ಬೋರಿನ ನೀರು ಅದರ ಮೂಲಕ ಇಳಿದರೆ ಲೀಟರಿಗೆ ನಾಲ್ಕು ಮಿಲಿಗ್ರಾಂ ಇದ್ದ ಫ್ಲೋರೈಡ್ ಒಂದಕ್ಕಿಂತ ಕೆಳಗೆ ಬರುತ್ತಿತ್ತು. ಶಾಲೆಯ ಒಂದು ಕೋಣೆಯನ್ನೇ ಲ್ಯಾಬ್ ಮಾಡಿಕೊಂಡಿದ್ದ ಸಂಶೋಧಕಿ ಯಶೋಧರಾ ಅದನ್ನು ನಂಬಿ ಮಕ್ಕಳಿಗೊಂದು ಫಿಲ್ಟರ್ ಕೂರಿಸಿದ್ದಳು. ಅಷ್ಟರಲ್ಲಿ ಸೈದಾನಬಿ ತೀರಿಕೊಂಡಳು. ಮಗಳು ಶಗುಫ್ತಾ ಅದೇ ಹೊಲದ ಕಟ್ಟಿಗೆಯನ್ನು ಅದೇ ಕುಣಿಯಲ್ಲಿ ಐದು ಸಲ ಸುಟ್ಟುಕೊಟ್ಟಳು. ಫ್ಲೋರೈಡ್ ಮಾತ್ರ ನಾಲ್ಕರಲ್ಲಿ ಕೂತ ಜಾಗ ಬಿಟ್ಟು ಏಳಲಿಲ್ಲ. ಶುಕ್ರವಾರದೊಳಗೆ ಗುಣ ಕಾಣದಿದ್ದರೆ ಫಿಲ್ಟರ್ ಕಿತ್ತುಕೊಂಡು ಬಾ ಎಂದು ಯಶೋಧರಾಳಿಗೆ ಅವಳ ಪಿಎಚ್.ಡಿ. ಮಾರ್ಗದರ್ಶಕರ ಆಜ್ಞೆಯಾಯಿತು. ಮಕ್ಕಳು ಮತ್ತೆ ಹಲ್ಲು ಹಳದಿಯಾಗುವ ನೀರಿಗೆ.

"ಕೈಗುಣರೀ ಅಕ್ಕೋರೆ," ಎಂದ ಶಾಲೆಯ ಜವಾನ ದೇವಿಂದ್ರ. "ಆಕಿ ಕೈ ಆಕಿ ಸಂಗಟನೇ ಹೋತು. ನಿಮ್ಮ ಮಷಿನ್ನಿನಾಗ ಕೈಗುಣ ಅಳೀಲಿಕ್ಕಿ ಬರ್ತದೇನು?"

ದೆವ್ವಗಳಿಗೆ ಯಶೋಧರಾಳ ಅಪ್ಪ ಮನೆಯೊಳಗೆ ಪ್ರವೇಶವನ್ನೇ ಕೊಟ್ಟವನಲ್ಲ. ಆದರೂ ಆ ವಾರ ಅವಳು ಇದ್ದಿಲಿನ ಜರಡಿ ಆಡಿಸುವಾಗೆಲ್ಲ ಬೆನ್ನ ಹಿಂದೆ ಇನ್ನೊಂದು ಜರಡಿ ಆಡುತ್ತಿತ್ತು. ಅವಳು ನಿಲ್ಲಿಸಿದರೆ ಅದು ತುಸು ತಡವಾಗಿ ನಿಲ್ಲುತ್ತಿತ್ತು.

ಗುರುವಾರ ಮಧ್ಯಾಹ್ನ ಅವಳು ಶಗುಫ್ತಾಳ ಅಂಗಳಕ್ಕೆ ಹೋದಾಗ ಶಗುಫ್ತಾ ಕುಣಿಗೆ ಬೆನ್ನು ಮಾಡಿ ಕೂತಿದ್ದಳು.

"ಯಾಕ, ಆ ಕಡಿ ನೋಡಂಗಿಲ್ಲೇನು?"

"ಅಮ್ಮಿ ನಿಂತಾಳ್ರಿ. ದಿನಾ ಈ ಹೊತ್ತಿಗಿ ಬರ್ಲಿಕತ್ತಾಳ. ಮಾತಿಲ್ಲ ಕಥಿಲ್ಲ, ಎರಡೂ ಕೈ ತೋರಸ್ತಾಳ. ಮೊಣಕೈ ತನಕ ಬೆಳ್ಳಗ."

ಕುಣಿಯ ಬಳಿ ಯಾರೂ ಇರಲಿಲ್ಲ. ಯಶೋಧರಾ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡಳು. ಒಂದು ಸಲ ಸಾಕಾಗಲಿಲ್ಲ.

"ಇದ್ದಿಲು ಸುಡೋ ಕೈ ಕರ್ರಗಿರಬೇಕಲ್ಲ? ಬೆಳ್ಳಗ ಯಾಕ?"

ಶಗುಫ್ತಾ ಸೆರಗು ಬಾಯಿಗೆ ಒತ್ತಿಕೊಂಡಳು. "ಬೈಬ್ಯಾಡ್ರಿ ಅಕ್ಕೋರೆ. ಅಮ್ಮಿ ಕೆಂಡ ಆರಸ್ತಿದ್ದದ್ದು ಫರ್ಸಿ ಕಲ್ಲು ಪಾಲಿಶ್ ಮಾಡೋ ಗುಂಡಿ ಬಿಳಿ ರಾಡಿನಾಗ. ಬಾಜೂಕೇ ಅದ, ಪುಕ್ಕಟ. ಲ್ಯಾಬಿಗಿ ಕೊಡೋ ಮಾಲು ಅಂತ ನಾ ನಳದ ನೀರು ಹಾಕಿ ಆರಿಸಿ, ಮ್ಯಾಲ ಮೂರು ಸಲ ತೊಳದೆ. ಹೊಲಸು ಅಂತೀರಂತ ಹೇಳಲಿಲ್ಲ."

"ಪುಣ್ಯಾತಗಿತ್ತಿ! ಐದೂ ಸಲ ಸ್ವಚ್ಛ ಮಾಡಿ ಕೆಡಿಸಿದೆಲ್ಲ!"

ಫರ್ಸಿ ಎಂದರೆ ಸುಣ್ಣಕಲ್ಲು; ಅದರ ರಾಡಿಯಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದು ಬಿಸಿ ಇದ್ದಿಲಿನ ರಂಧ್ರಗಳಲ್ಲಿ ಕೂತು ಫ್ಲೋರೈಡನ್ನು ಹಿಡಿಯುತ್ತದೆ. ಇಷ್ಟು ತಿಳಿಯಲು ಯಶೋಧರಾಳಿಗೆ ಗುಂಡಿಯ ತನಕ ಹೋಗುವುದೂ ಬೇಕಾಗಲಿಲ್ಲ. ಈ ಮಾಹಿತಿ ಕೊಟ್ಟವರು ಯಾರೆಂದು ಪ್ರಬಂಧದಲ್ಲಿ ಹೇಗೆ ಬರೆಯುವುದು ಎಂಬುದೊಂದೇ ತಿಳಿಯಲಿಲ್ಲ.

ಸಂಜೆ ಇಬ್ಬರೂ ಸೇರಿ ಹೊಸ ಕೆಂಡದ ಮೇಲೆ ಬಿಳಿ ರಾಡಿ ಸುರಿದರು. ಭುಸ್ಸೆಂದು ಹಬೆ ಎದ್ದಿತು. ಹಬೆಯೊಳಗೆ ಕೆಮ್ಮಿದವರು ಮೂವರು. ಯಶೋಧರಾ ಎಣಿಸಿದಳು, ಮತ್ತೆ ಎಣಿಸಲು ಹೋಗಲಿಲ್ಲ.

ಶುಕ್ರವಾರ ಫ್ಲೋರೈಡ್ ಸೊನ್ನೆ ಪಾಯಿಂಟ್ ಎಂಟಕ್ಕೆ ಇಳಿಯಿತು. ಫಿಲ್ಟರ್ ಶಾಲೆಯಲ್ಲೇ ಉಳಿಯಿತು.