ಬೋಣಿಗೆಯಾಗದ ರೊಕ್ಕ

ಬೋಣಿಗೆಯಾಗುವ ತನಕ ರಾಮಿಬಾಯಿ ಚಹಾ ಮುಟ್ಟುವವಳಲ್ಲ. ದಿನದ ಮೊದಲ ವ್ಯಾಪಾರದ ದುಡ್ಡನ್ನು ಕಣ್ಣಿಗೊತ್ತಿಕೊಂಡ ಮೇಲೆಯೇ ಮೊದಲ ಗುಟುಕು. ಅಂದು ಗೋವೆಯ ಕೊಲ್ವಾ ಕಡಲದಂಡೆಯಲ್ಲಿ ಬಿಸಿಲು ನೆತ್ತಿಗೇರಿದರೂ ಕನ್ನಡಿ ಹೊಲಿದ ಅವಳ ಚೀಲಗಳತ್ತ ಒಬ್ಬರೂ ತಿರುಗಿರಲಿಲ್ಲ. ಚಹಾ ಇಲ್ಲದೆ ತಲೆ ಸಿಡಿಯುತ್ತಿತ್ತು.

ಆಗ ಬಂದವಳು ತೈವಾನಿನ ಲಿನ್. ಚೀನೀ ಮಾತಾಡುವವರಿಗೆ ಇಂಗ್ಲಿಷಿನ ನುಡಿಗಟ್ಟು ಕಲಿಸುವ ವಿಡಿಯೊ ಮಾಡುವುದು ಅವಳ ಕಸುಬು. ಚೀಲ ಬಿಟ್ಟು ರಾಮಿಬಾಯಿಯ ಮುಖವನ್ನೇ ನೋಡಿದಳು. ದಂಡೆಯ ಮೇಲೆ ಓಡಾಡಿ ಇಂಗ್ಲಿಷ್ ಕಲಿತಿದ್ದ ಸೊಸೆ ದೀಪಾ ನಡುವೆ ನಿಂತಳು.

“ಅತ್ತಿ, ಆಕಿ ಹೇಳಿದ್ದನ್ನ ನೀವು ವಿಡಿಯೊದಾಗ ಮಾಡಿ ತೋರಸಬೇಕಂತ್ರಿ. ಹೊಟ್ಟ್ಯಾಗ ಪಾತರಗಿತ್ತಿ ಹಾರಾಡಾಕತ್ತಾವು ಅಂತ ತಿಳ್ಕೋರಿ.”

“ಚಹಾನ ಇಲ್ಲದ ಹೊಟ್ಟ್ಯಾಗ ಅವು ಏನ್ ತಿಂದು ಹಾರತಾವ?”

“ಹಂಗಂದ್ರ ಎದಿ ಡವಡವ ಅನ್ನೋದ್ರಿ.”

ಗಿರಾಕಿಯಾದಾಳು ಎಂಬ ಆಸೆಗೆ ರಾಮಿಬಾಯಿ ಹೊಟ್ಟೆ ಹಿಡಿದು ಕಣ್ಣರಳಿಸಿದಳು. ಮುಂದಿನದು ಕಾಲು ತಣ್ಣಗಾಗುವುದು, ಅಂದರೆ ಹೆದರಿ ಹಿಂದೆ ಸರಿಯುವುದು. “ಈ ಸುಡೋ ಉಸುಕಿನ್ಯಾಗ?” ಎಂದು ಗೊಣಗುತ್ತಲೇ ಸರಿದಳು. ಆಮೇಲೆ ಜಡಿಮಳೆ, ಬೆಕ್ಕುನಾಯಿಗಳೇ ಸುರಿಯುವಂಥದ್ದು. ರಾಮಿಬಾಯಿ ಸೆರಗನ್ನು ತಲೆಗೆ ಹಿಡಿದು ನಾಯಿಯಂತೆ ಬೊಗಳಿಯೇಬಿಟ್ಟಳು.

ಲಿನ್ ನಕ್ಕು ನಕ್ಕು ಸುಸ್ತಾಗಿ ಒಂದು ನೋಟು ಚಾಚಿದಳು. ರಾಮಿಬಾಯಿ ಕೈ ಹಿಂದೆ ಕಟ್ಟಿಕೊಂಡಳು.

“ತಗೋರಿ ಅತ್ತಿ, ಚಹಾ ಕುಡೀರಿ!”

“ಮಾಲು ಕೊಡದ ರೊಕ್ಕ ಬೋಣಿಗಿ ಆಗತೈತೇನ? ಅದು ಭಿಕ್ಷಾ.”

ಕಡಿಮೆಯಾಯಿತೇನೋ ಎಂದು ಲಿನ್ ಇನ್ನೊಂದು ನೋಟು ಸೇರಿಸಿದಳು. ಮುದುಕಿ ತಲೆಯಾಡಿಸಿದಳು. ಮತ್ತೊಂದು ಹೊರಬಂತು. ಚಹಾ ಮಾರುವ ಯಮನೂರ ಕೆಟಲು ಇಳಿಸಿ ಕೂಗಿದ: “ಆಯಿ ಭಾರಿ ಚೌಕಾಶಿ ಹಚ್ಯಾಳಲೇ!”

ದೀಪಾ ಬಿಡಿಸಿ ಹೇಳಿದಾಗ ಲಿನ್ ಕೆಂಪಾದಳು. ಚಾಪೆಯ ಮೇಲೆ ಕೂತು ಒಂದು ಚೀಲ ಆರಿಸಿ, ಕೇಳಿದಷ್ಟನ್ನೂ ಮರುಮಾತಿಲ್ಲದೆ ಕೊಡಹೋದಳು.

“ಏ, ಹಂಗ ಕೊಡಬ್ಯಾಡ ಅನ್ನು,” ಎಂದಳು ರಾಮಿಬಾಯಿ. “ಜರಾ ಜಗಳಾಡ್ಲಿ. ಕನಿಕರಕ್ಕ ಕೊಟ್ರ ಅದೂ ಭಿಕ್ಷಾನ.”

ಲಿನ್ ಹಿಂಜರಿಯುತ್ತ ಅರ್ಧ ಬೆಲೆ ಹೇಳಿದಳು. ರಾಮಿಬಾಯಿಯ ಮುಖ ಅರಳಿತು. “ಈಗ ನೋಡು, ಖರೇ ಗಿರಾಕಿ!” ಏರಿಸಿ ಇಳಿಸಿ, ಚೀಲ ಕಸಿದು ಮತ್ತೆ ಕೊಟ್ಟು, ಅಂತೂ ವ್ಯಾಪಾರ ಕುದುರಿತು. ದುಡ್ಡನ್ನು ಮೊದಲು ಸರಕಿಗೆ, ಆಮೇಲೆ ಕಣ್ಣಿಗೆ ಮುಟ್ಟಿಸಿಕೊಂಡಳು.

ಲಿನ್ ತಟ್ಟನೆ ಫೋನೆತ್ತಿದಳು.

“ಅತ್ತಿ, ರೊಕ್ಕ ಹಿಂಗ ಕಣ್ಣಿಗೆ ಒತ್ತಿಕೊಳ್ಳೋದರ ಅರ್ಥ ಏನಂತ ಕೇಳಾಕತ್ತಾಳ್ರಿ.”

ರಾಮಿಬಾಯಿ ಆಗಲೇ ಯಮನೂರನತ್ತ ಕೈ ಚಾಚಿದ್ದಳು. “ತಡಿ ಅನ್ನು. ಮೊದಲ ಚಹಾ, ಅರ್ಥ ಆಮ್ಯಾಲೆ.”