ಬೆಂಕಿ ಹಚ್ಚುವ ಕೈಯನ್ನು ಮುಚ್ಚಿಡಬೇಡಿ

ಕೊಲ್ಹಾಪುರದ ಹತ್ತಿರದ ಹುಪರಿಯ ಒಂದು ಗಲ್ಲಿಯಲ್ಲಿ ಒಂದೇ ಬೇಸಿಗೆಯಲ್ಲಿ ಮೂರನೇ ಸಲ ಬೆಂಕಿ ಬಿತ್ತು. ಮೊದಲು ಕಸದ ರಾಶಿ, ಆಮೇಲೆ ಬೇಲಿ, ಈಗ ಜನಾಬಾಯಿಯ ಪಕ್ಕದ ಮನೆಯ ರೈತ ದಾದಾಸಾಹೇಬರ ಮೇವಿನ ಬಣವಿ. ಎಮ್ಮೆಯ ಹಗ್ಗ ಬಿಚ್ಚಲು ಓಡಿದ ಅವರ ಕೈ ಸುಟ್ಟಿತು. "ಯಾರೋ ಬೀಡಿ ಒಗದಾರ" ಎಂದರು ಜನ. ಜನಾಬಾಯಿ ಬಾಯಿ ಬಿಡಲಿಲ್ಲ. ಗಂಡ ಕೃಷ್ಣಾ ಕಡ್ಡಿಪೆಟ್ಟಿಗೆ ಹಿಡಿದು ಬಣವಿಯ ಹಿಂದಿನಿಂದ ಬಂದದ್ದನ್ನು ಆಕೆ ಕಂಡಿದ್ದಳು.

ಅವಳು ಮದುವೆಯಾಗಿ ಈ ಊರಿಗೆ ಬಂದಾಗ ಮನೆಮನೆಯಲ್ಲೂ ಬೆಳ್ಳಿ ಕೆಲಸ. ಕೃಷ್ಣಾ ಕುಲುಮೆಯ ಮುಂದೆ ಕೂತು ಬೆಳ್ಳಿ ಕರಗಿಸುತ್ತಿದ್ದ. ಗೆಳೆಯರು ಕಟ್ಟೆಯ ಮೇಲೆ ಗೆಜ್ಜೆ ಪೋಣಿಸುತ್ತ ಹರಟುತ್ತಿದ್ದರು. ಕನ್ನಡದಲ್ಲಿ ಶುರುವಾದ ಚೇಷ್ಟೆ ಮರಾಠಿಯಲ್ಲಿ ಮುಗಿಯುತ್ತಿತ್ತು. ಎಂಥ ದಿನಗಳು ಅವು! ಗೆಳೆಯರು ಒಬ್ಬೊಬ್ಬರಾಗಿ ತೀರಿಕೊಂಡರು, ಯಂತ್ರ ಬಂತು, ಕುಲುಮೆ ಆರಿತು. ಕೃಷ್ಣಾ ಮಾತೇ ಬಿಟ್ಟ.

ಮರುದಿನ ಆಶಾ ಕಾರ್ಯಕರ್ತೆ ಛಾಯಾ ಮನೆಗೆ ಬಂದಾಗ ಜನಾಬಾಯಿ ಅಳು ತಡೆಯಲಾಗದೆ ಕಂಡದ್ದನ್ನೆಲ್ಲ ಹೇಳಿಬಿಟ್ಟಳು.

"ನಮ್ಮ ಮನ್ಯಾವರಿಗೆ ಗಾಳಿ ಸೋಕೈತಿ, ಛಾಯಾ. ತಾಯತ ಕಟ್ಟಸ್ತೇನಿ. ಯಾರ ಮುಂದೂ ಹೇಳಬ್ಯಾಡವ್ವಾ."

"ಗಾಳಿ ಅಲ್ರೀ ಮಾವಶಿ. ಕೆಲವರು ಸಿಟ್ಟಿಗೆ ಬೆಂಕಿ ಹಚ್ಚತಾರ, ಕೆಲವರು ಲಾಭಕ್ಕ. ಇನ್ನ ಕೆಲವರಿಗೆ ಒಳಗಿನ ಸಂಕಟ ತಡಿಯಾಕ ಆಗೂದಿಲ್ಲ. ಯಾಕಂತ ಡಾಕ್ಟರು ಕೇಳಿ ತಿಳ್ಕೋಬೇಕು."

"ಮಂದಿ ಹುಚ್ಚ ಅಂತಾರಲ್ಲ?"

"ಅಂದ್ರ ಅನ್ಲಿ. ನಿನ್ನೆ ದಾದಾಸಾಹೇಬರ ಕೈ ಸುಟ್ಟೈತಿ. ಮುಚ್ಚಿಟ್ರ ನಾಳೆ ಜೀವಾನ ಹೋಗತೈತ್ರಿ."

ಒಳಗಿದ್ದ ಕೃಷ್ಣಾ ಬಾಗಿಲಿಗೆ ಬಂದ. "ಎದಿ ಬಿಗದ್ಹಂಗ ಆಗತೈತಿ, ಛಾಯಾ. ಉರಿ ಕಂಡ್ರ ಹಗುರ ಅನಸತೈತಿ. ಆಮ್ಯಾಲ ಭಾಳ ನಾಚಿಕಿ." ಅವನು ಇಷ್ಟು ಮಾತಾಡಿ ವರ್ಷಗಳೇ ಆಗಿದ್ದವು.

ಅಂದೇ ಮೂವರೂ ದಾದಾಸಾಹೇಬರ ಮನೆಗೆ ಹೋದರು. ಬೆಂಕಿ ಹಚ್ಚಿದವ ತಾನೇ ಎಂದು ಕೃಷ್ಣಾ ಒಪ್ಪಿಕೊಂಡ. ದಾದಾಸಾಹೇಬರು ಸುಟ್ಟ ಕೈ ತೋರಿಸಿ ಬೈದರು. ಬೈದು ಬೈದು ಸಾಕಾಗಿ, "ಮೊದಲ ಔಷಧ ತಗೋ. ಆಮ್ಯಾಲ ಬಂದು ಬಣವಿ ಒಟ್ಟಿಕೊಡು" ಎಂದರು.

ಈಗ ಕೊಲ್ಹಾಪುರದಲ್ಲಿ ಮನೋವೈದ್ಯರ ಚಿಕಿತ್ಸೆ ನಡೆದಿದೆ. ಎದೆ ಬಿಗಿದಾಗ ಕೃಷ್ಣಾ ಹೆಂಡತಿಯನ್ನು ಕರೆಯುತ್ತಾನೆ. ಇಬ್ಬರೂ ಹೊಲದ ದಾರಿಯಲ್ಲಿ ಹಳೆಯದನ್ನೆಲ್ಲ ಮಾತಾಡುತ್ತ ನಡೆಯುತ್ತಾರೆ. ಒಮ್ಮೊಮ್ಮೆ ಅವನು ನಗುವುದೂ ಉಂಟು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಬೇಕಂತಲೇ ಬೆಂಕಿ ಹಚ್ಚುತ್ತಿದ್ದರೆ ಹೊಡೆಯಬೇಡಿ, ಮುಚ್ಚಿಡಲೂ ಬೇಡಿ. ಕಡ್ಡಿಪೆಟ್ಟಿಗೆ ಕೈಗೆ ಸಿಗದಂತೆ ತೆಗೆದಿಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಮಾನಸಿಕ ಆರೋಗ್ಯ ಸಹಾಯವಾಣಿ ೧೪೪೧೬ಕ್ಕೆ ಉಚಿತವಾಗಿ ಫೋನ್ ಮಾಡಿ. ನಾಚಿಕೆಗೆ ಅಂಜಿ ತಡ ಮಾಡಬೇಡಿ. ಬೆಂಕಿ ತಡ ಮಾಡುವುದಿಲ್ಲ.